ಹಳೆಯ ಸೇನಾ ಗುಂಡಿಗಳಿಂದ ಕಫ್‌ಲಿಂಕ್: ಕೊಂಡಿ ಕತ್ತರಿಸದೆ ಮಾಡುವುದು ಹೇಗೆ

ಹಳೆಯ ಸಮವಸ್ತ್ರದ ಗುಂಡಿಯಿಂದ ಕಫ್‌ಲಿಂಕ್, ಅಂದರೆ ಶರ್ಟಿನ ತೋಳಿನ ತುದಿಯ ಕಾಜಗಳನ್ನು ಸೇರಿಸಿ ಹಿಡಿದಿಡುವ ಆಭರಣ, ಮಾಡುವುದು ಹೇಗೆ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಗುಂಡಿಯ ಹಿಂದೆ ದಾರ ಹಾಯಿಸಿ ಹೊಲಿಯಲು ಇರುವ ಕೊಂಡಿಯನ್ನು ಕತ್ತರಿಸಿ, ಅರದಿಂದ ಉಜ್ಜಿ, ಅಂಟು ಹಚ್ಚಿ ಕಫ್‌ಲಿಂಕ್‌ನ ತಟ್ಟೆಗೆ ಒತ್ತಿಬಿಡಿ, ಆಯಿತು. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಆ ಗುಂಡಿಯನ್ನು ಯಾರು ಮಾಡಿದರು, ಯಾವ ಕಾಲದಲ್ಲಿ ಮಾಡಿದರು ಅನ್ನುವ ಸಾಕ್ಷಿ ಇರುವುದೇ ಅದರ ಬೆನ್ನಿನ ಮೇಲೆ. ಉಜ್ಜಿದರೆ ಅದು ಹೋಯಿತು, ಮತ್ತೆ ಬರುವುದಿಲ್ಲ. ನೂರು ವರ್ಷ ದಾಟಿ ಬಂದ ವಸ್ತುವಿಗೆ ಹಾಗೆ ಮಾಡಬೇಕಾದ ಅಗತ್ಯವೇ ಇಲ್ಲ, ಯಾಕೆಂದರೆ ಕೊಂಡಿಯನ್ನು ಹಾಗೇ ಉಳಿಸಿಕೊಂಡು ಗಟ್ಟಿಯಾದ, ಚೆಂದದ ಕಫ್‌ಲಿಂಕ್ ಮಾಡಲು ಸಾಧ್ಯ. ಅಂಥ ಎರಡು ವಿಧಾನಗಳನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ಕತ್ತರಿಸಿ ಅಂಟಿಸುವುದನ್ನೂ ಹೇಳುತ್ತೇನೆ, ಆದರೆ ಅದು ಕೊಂಡಿ ಮೊದಲೇ ಮುರಿದಿರುವ ಗುಂಡಿಗೆ ಮಾತ್ರ.

ಮೊದಲು ಗುಂಡಿಯನ್ನು ಓದಿ

ಗುಂಡಿ ಕೈಗೆ ಬಂದ ತಕ್ಷಣ ತಿರುಗಿಸಿ ನೋಡಿ. ಮುಂದಿನ ಸಿಂಹ, ಹದ್ದು, ಲಂಗರು ಎಲ್ಲ ಆಮೇಲೆ. ಕೊಂಡಿಯ ಸುತ್ತ ಸಾಮಾನ್ಯವಾಗಿ ಚಿಕ್ಕ ಅಕ್ಷರಗಳ ಒಂದು ಸಾಲು ಇರುತ್ತದೆ. ನೇರ ಬೆಳಕಿನಲ್ಲಿ ಅದು ಕಾಣುವುದಿಲ್ಲ. ಟಾರ್ಚನ್ನು ಪಕ್ಕದಲ್ಲಿ, ಮೇಜಿನ ಮಟ್ಟಕ್ಕೆ ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸಿ, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ. ಅಕ್ಷರಗಳ ನೆರಳು ಬಿದ್ದು ಹೆಸರು ಎದ್ದು ಬರುತ್ತದೆ. ಬ್ರಿಟಿಷ್ ಗುಂಡಿಗಳಲ್ಲಿ ಲಂಡನ್ನಿನ ಫರ್ಮಿನ್, ಜೆನ್ನೆನ್ಸ್, ಬರ್ಮಿಂಗ್‌ಹ್ಯಾಮ್‌ನ ಗಾಂಟ್, ಸ್ಮಿತ್ ಅಂಡ್ ರೈಟ್ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಅಮೆರಿಕದವುಗಳಲ್ಲಿ ಕನೆಕ್ಟಿಕಟ್‌ನ ಸ್ಕೋವಿಲ್, ವಾಟರ್‌ಬರಿ. ಈ ತಯಾರಕರು ಕಾಲಕಾಲಕ್ಕೆ ಹೆಸರು ಬರೆಯುವ ರೀತಿಯನ್ನೂ ವಿಳಾಸವನ್ನೂ ಬದಲಿಸುತ್ತಾ ಬಂದರು. ಹಾಗಾಗಿ ಆ ಪುಟ್ಟ ಸಾಲು ಗುಂಡಿಯ ಕಾಲವನ್ನು ಸಾಕಷ್ಟು ಹತ್ತಿರಕ್ಕೆ ತಂದುಕೊಡುತ್ತದೆ. ಬ್ರಿಟಿಷ್ ಕಂಪನಿಯ ಹೆಸರಿನ ಕೊನೆಗೆ 'ಲಿಮಿಟೆಡ್' ಇದ್ದರೆ ಅದು 1855ಕ್ಕಿಂತ ಹಳೆಯದಲ್ಲ, ಯಾಕೆಂದರೆ ಆ ಪದವನ್ನು ತಂದ ಕಾನೂನೇ 1855ರದ್ದು.

ಈಗ ಮುಂಭಾಗ. ಬ್ರಿಟಿಷ್ ಸೇನೆಯಲ್ಲಿ ರೆಜಿಮೆಂಟಿನ ಸಂಖ್ಯೆಯನ್ನು ಗುಂಡಿಯ ಮೇಲೆ ಹಾಕಬೇಕು ಅಂತ ಆಜ್ಞೆಯಾಗಿದ್ದು 1767ರಲ್ಲಿ. ಸಾಮಾನ್ಯ ಸೈನಿಕರ ಗುಂಡಿ ತವರದ ಮಿಶ್ರಲೋಹ ಬಿಟ್ಟು ಹಿತ್ತಾಳೆಗೆ ಬದಲಾಗಿದ್ದು 1855ರಲ್ಲಿ. 1871ರಿಂದ ಅವರ ಗುಂಡಿಯಲ್ಲಿ ಸಂಖ್ಯೆ ಹೋಗಿ ರಾಜಲಾಂಛನ ಬಂತು, ಅಧಿಕಾರಿಗಳದ್ದು ಮಾತ್ರ ರೆಜಿಮೆಂಟಿನದ್ದೇ ಉಳಿಯಿತು. 1881ರ ಸುಧಾರಣೆಯಲ್ಲಿ ಪದಾತಿ ರೆಜಿಮೆಂಟುಗಳ ಹಳೆಯ ಸಂಖ್ಯೆಗಳೇ ಹೋಗಿ ಊರು, ಪ್ರಾಂತ್ಯಗಳ ಹೆಸರು ಬಂದವು. ಅಂದರೆ ಸಂಖ್ಯೆ ಇರುವ ಪದಾತಿ ಗುಂಡಿ ನಿಜವಾದದ್ದೇ ಆಗಿದ್ದರೆ ಬಹುತೇಕ 1881ಕ್ಕಿಂತ ಮುಂಚಿನದು.

ಕಿರೀಟ ಇನ್ನೂ ಸುಲಭದ ಗುರುತು. 1902ರಿಂದ 1952ರವರೆಗಿನ ಗುಂಡಿಗಳಲ್ಲಿ ಕಿರೀಟದ ಕಮಾನು ಗುಮ್ಮಟದ ಹಾಗೆ ನೇರ ಮೇಲಕ್ಕೆ ಉಬ್ಬಿರುತ್ತದೆ. ಇದನ್ನು ರಾಜನ ಕಿರೀಟ ಅನ್ನುತ್ತಾರೆ. 1953ರಿಂದ 2022ರವರೆಗಿನವುಗಳಲ್ಲಿ ಕಮಾನಿನ ನಡುವೆ ಒಂದು ತಗ್ಗು ಕಾಣುತ್ತದೆ, ಅದು ರಾಣಿಯ ಕಿರೀಟ. ವಿಕ್ಟೋರಿಯಾ ಕಾಲದ ಕಿರೀಟದಲ್ಲೂ ನಡುವೆ ತಗ್ಗಿದೆ, ಆದರೆ ಅದು ಚಿಕ್ಕದು, ಬದಿಗಳು ಕೆಳಗೆ ಇಳಿಬಿದ್ದಂತೆ ಇರುತ್ತವೆ. ನೌಕಾಪಡೆಯ ಗುಂಡಿಯಲ್ಲಿ ಲಂಗರಿನ ಮೇಲೆ ಕಿರೀಟ ಬಂದಿದ್ದು 1812ರಲ್ಲಿ. ಬ್ರಿಟಿಷ್ ವಾಯುಪಡೆ ಹುಟ್ಟಿದ್ದೇ 1918ರ ಏಪ್ರಿಲ್ 1ಕ್ಕೆ, ಹಾಗಾಗಿ ಅದರ ಹದ್ದಿನ ಗುಂಡಿಯನ್ನು ಯಾರಾದರೂ ಅದಕ್ಕಿಂತ ಹಳೆಯದು ಅಂದರೆ ನಂಬಬೇಡಿ. ಅಮೆರಿಕದ ಅಂತರ್ಯುದ್ಧದ ಕಾಲದ ಅಧಿಕಾರಿಗಳ ಗುಂಡಿಗಳಲ್ಲಿ ಹದ್ದಿನ ಎದೆಯ ಗುರಾಣಿಯಲ್ಲಿ ಒಂದಕ್ಷರ ಇರುತ್ತದೆ: ಪದಾತಿಗೆ ಐ, ಅಶ್ವದಳಕ್ಕೆ ಸಿ, ಫಿರಂಗಿದಳಕ್ಕೆ ಎ. 1902ರಲ್ಲಿ ಬಹುತೇಕ ಎಲ್ಲರಿಗೂ ರಾಷ್ಟ್ರಮುದ್ರೆಯ ಹದ್ದೇ ಬಂತು.

ಇಷ್ಟೆಲ್ಲ ಯಾಕೆ ಅಂದರೆ, ಯಾವುದನ್ನು ಮುಟ್ಟಬಾರದು ಅಂತ ತಿಳಿಯಲು. 1855ಕ್ಕಿಂತ ಹಿಂದಿನ ಸಂಖ್ಯೆ ಇರುವ ತವರದ ಗುಂಡಿ, ಅಂತರ್ಯುದ್ಧದ ಕಾಲದ ಅಮೆರಿಕದ ದಕ್ಷಿಣ ಒಕ್ಕೂಟದ ನಿಜವಾದ ಗುಂಡಿ, ಅಲ್ಪಕಾಲ ಇದ್ದು ಹೋದ ದಳಗಳ ಗುಂಡಿ, ಇವುಗಳಿಂದ ಏನನ್ನೂ ಮಾಡಬೇಡಿ. ಇದ್ದ ಹಾಗೇ ಇಡಿ. ಕಫ್‌ಲಿಂಕ್‌ಗೆ ತಕ್ಕದ್ದು ಲಕ್ಷಗಟ್ಟಲೆ ತಯಾರಾದ ಗುಂಡಿಗಳು. ಮೊದಲ ಮತ್ತು ಎರಡನೇ ಮಹಾಯುದ್ಧದ ಕಾಲದ ಹಿತ್ತಾಳೆಯ ಗುಂಡಿಗಳು ಧಾರಾಳವಾಗಿ ಸಿಗುತ್ತವೆ, ಗಟ್ಟಿಯಾಗಿಯೂ ಇರುತ್ತವೆ.

ನಕಲಿಗಳ ಬಗ್ಗೆ ಎರಡು ಮಾತು. ನಿಜವಾಗಿ ತೊಟ್ಟ ಗುಂಡಿ ಎತ್ತರದ ಜಾಗಗಳಲ್ಲಿ ಮಾತ್ರ ಸವೆದಿರುತ್ತದೆ. ಸಿಂಹದ ಹಣೆ, ಕಿರೀಟದ ತುದಿಯ ಮಣಿ, ಫಿರಂಗಿಯ ಚಕ್ರದ ಮೇಲಂಚು ನುಣುಪಾಗಿ, ತಗ್ಗುಗಳು ಚೂಪಾಗಿ ಉಳಿದಿರುತ್ತವೆ. ಎಲ್ಲ ಕಡೆ ಒಂದೇ ಸಮ ಮಂಕಾಗಿದ್ದು, ತಗ್ಗುಗಳಲ್ಲಿ ಬಣ್ಣ ಬಳಿದಂತೆ ಕಪ್ಪು ಕೂತಿದ್ದರೆ ಅನುಮಾನ ಪಡಿ. ಹಳೆಯ ಅಚ್ಚಿನಿಂದಲೇ ಈಚೆಗೆ ಒತ್ತಿದ ಗುಂಡಿಗಳೂ ಇವೆ, ಬ್ಲೇಜರ್ ಕೋಟಿಗೆಂದೇ ಮಾಡಿದ ಹೊಸವೂ ಇವೆ. ಅವು ಕೆಟ್ಟವೇನಲ್ಲ. ಹಳೆಯದು ಅಂತ ಹಣ ಕೊಡಬೇಡಿ, ಅಷ್ಟೇ. ನಿಜ ಹೇಳಬೇಕೆಂದರೆ ಮೊದಲ ಸಲ ಅಭ್ಯಾಸ ಮಾಡಲು ಅವೇ ಒಳ್ಳೆಯವು.

ಅಳತೆ ಮತ್ತು ಜೋಡಿ

ಕೋಟಿನ ಎದೆಯ ಗುಂಡಿ ಸಾಮಾನ್ಯವಾಗಿ 23ರಿಂದ 26 ಮಿಲಿಮೀಟರ್. ಕೈಗೆ ಹಾಕಿದರೆ ಅದು ತೀರಾ ದೊಡ್ಡದು. ಜೇಬಿನ, ತೋಳಿನ, ಭುಜಪಟ್ಟಿಯ ಗುಂಡಿಗಳು 15ರಿಂದ 19 ಮಿಲಿಮೀಟರ್ ಇರುತ್ತವೆ, ಕಫ್‌ಲಿಂಕ್‌ಗೆ ಇದೇ ಸರಿಯಾದ ಅಳತೆ. ನನ್ನ ಕಣ್ಣಿಗೆ 17 ಎಲ್ಲಕ್ಕಿಂತ ಚೆಂದ. ಮಾರುವವರು ಲೈನ್ ಲೆಕ್ಕದಲ್ಲಿ ಹೇಳಿದರೆ ಗೊಂದಲ ಬೇಡ. 40 ಲೈನ್ ಅಂದರೆ 1 ಇಂಚು. 24 ಲೈನ್ ಸುಮಾರು 15 ಮಿಲಿಮೀಟರ್, 30 ಲೈನ್ ಸುಮಾರು 19.

ಇವೆರಡಕ್ಕಿಂತ ಚಿಕ್ಕ ಗುಂಡಿ ಇನ್ನೊಂದಿದೆ: ಟೋಪಿಯ ಗಲ್ಲಪಟ್ಟಿಯನ್ನು ಎರಡು ಕಡೆ ಹಿಡಿದಿಡುವ ಗುಂಡಿ. ಅದು ಟೋಪಿಗೆ ಎರಡರಂತೆ ಇರುವುದರಿಂದ ಜೋಡಿಯಾಗಿಯೇ ಸಿಗುತ್ತದೆ. ಸರಪಳಿ ಕಫ್‌ಲಿಂಕಿನ ಒಳಬದಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಜೋಡಿ ಹೊಂದಿಸುವಾಗ ಒಂದೇ ರೆಜಿಮೆಂಟು ಅಂದರೆ ಸಾಲದು, ಒಂದೇ ತಯಾರಕರದ್ದೂ ಆಗಿರಬೇಕು. ಬೇರೆ ಬೇರೆ ಅಚ್ಚಿನಿಂದ ಬಂದ ಎರಡು ಗುಂಡಿಗಳಲ್ಲಿ ಸಿಂಹದ ಬಾಲ ಬೇರೆ ತರಹ ತಿರುಗಿರುತ್ತದೆ, ಅಂಚಿನ ಹಗ್ಗದ ಎಳೆ ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ಒಂದೊಂದಾಗಿ ನೋಡಿದರೆ ಗೊತ್ತಾಗುವುದಿಲ್ಲ, ಎರಡೂ ಕೈಗಳಲ್ಲಿ ಹಾಕಿಕೊಂಡಾಗ ಗೊತ್ತಾಗುತ್ತದೆ. ಅಕ್ಕಪಕ್ಕ ಇಟ್ಟು ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಬಣ್ಣವೂ ಅಷ್ಟೇ. ಒಂದು ಹೊಳೆಯುತ್ತಾ ಇನ್ನೊಂದು ಕಂದು ಬಣ್ಣಕ್ಕೆ ತಿರುಗಿದ್ದರೆ, ಕಂದು ಗುಂಡಿಯನ್ನು ಉಜ್ಜಿ ಸರಿ ಮಾಡುತ್ತೇನೆ ಅನ್ನಬೇಡಿ. ಇನ್ನೊಂದು ಕಂದು ಗುಂಡಿ ಸಿಗುವ ತನಕ ಕಾಯಿರಿ.

ಮನೆಯ ಹಿರಿಯರ ಕೋಟಿನ ಗುಂಡಿಯೇ ಆಗಿದ್ದರೆ ತೋಳಿನ ಅಥವಾ ಜೇಬಿನ ಗುಂಡಿಗಳನ್ನು ಮಾತ್ರ ತೆಗೆದುಕೊಳ್ಳಿ. ಬಿಚ್ಚುವ ಮುಂಚೆ ಯಾವ ಗುಂಡಿ ಎಲ್ಲಿತ್ತು ಅಂತ ಫೋಟೊ ಇರಲಿ.

ಲೋಹ ಯಾವುದು ಅಂತ ತಿಳಿಯಿರಿ

ಇದನ್ನು ತಿಳಿಯದೆ ಒರೆಸಲೂ ಹೋಗಬೇಡಿ. ಸಾಮಾನ್ಯ ಸೈನಿಕರ ಗುಂಡಿ ಬರೀ ಹಿತ್ತಾಳೆ. ಅಧಿಕಾರಿಗಳದ್ದು ಹೆಚ್ಚಾಗಿ ಗಿಲೀಟು, ಅಂದರೆ ಮೇಲೆ ಚಿನ್ನದ ತೆಳು ಪದರ. ಎಷ್ಟು ತೆಳು ಅಂದರೆ, 1796ರ ಬ್ರಿಟಿಷ್ ಕಾನೂನಿನ ಪ್ರಕಾರ 1 ಇಂಚಿನ 144 ಗುಂಡಿಗಳಿಗೆ ಸೇರಿ 5 ಗ್ರೇನ್ (ಸುಮಾರು 324 ಮಿಲಿಗ್ರಾಂ) ಚಿನ್ನ ಇದ್ದರೆ ಅವನ್ನು ಗಿಲೀಟು ಅನ್ನಬಹುದಿತ್ತು. ಲೆಕ್ಕ ಹಾಕಿದರೆ ಒಂದು ಗುಂಡಿಗೆ ಎರಡು ಮಿಲಿಗ್ರಾಮಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಿತ್ತಾಳೆ ಪಾಲಿಷ್ ಹಚ್ಚಿ ನಾಲ್ಕು ಸಲ ಉಜ್ಜಿದರೆ ಆ ಚಿನ್ನ ಬಟ್ಟೆಗೆ ಬರುತ್ತದೆ. ಹಿಂದುಗಡೆ ಅಂಚಿನಲ್ಲಿ, ಬೆರಳು ತಾಕದ ಜಾಗದಲ್ಲಿ ಬೆಚ್ಚನೆಯ ಹಳದಿ ಇನ್ನೂ ಹೊಳೆಯುತ್ತಿದ್ದರೆ ಅದು ಗಿಲೀಟು ಅಂತಲೇ ತಿಳಿಯಿರಿ. 1840ರ ದಶಕದಲ್ಲಿ ವಿದ್ಯುತ್ ಲೇಪನ ಬರುವ ತನಕ ಚಿನ್ನವನ್ನು ಪಾದರಸದಲ್ಲಿ ಕಲಸಿ ಹಚ್ಚಿ, ಕಾಯಿಸಿ ಪಾದರಸವನ್ನು ಹೊಗೆಯಾಗಿ ಹಾರಿಸುತ್ತಿದ್ದರು. ಆ ಹೊಗೆ ಕುಡಿದು ಹಾಳಾದ ಕೆಲಸಗಾರರ ಆರೋಗ್ಯವನ್ನು ನೆನೆಸಿಕೊಂಡರೆ ಆ ಪದರವನ್ನು ಉಜ್ಜಿ ಕಳೆಯಲು ಮನಸ್ಸು ಬರುವುದಿಲ್ಲ.

ಬೂದು ಬಣ್ಣದ, ಮೆದುವಾದ, ತೂಕದ ಗುಂಡಿ ತವರದ ಮಿಶ್ರಲೋಹ. ಹಳೆಯದರಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅದನ್ನು ಅರದಿಂದ ಉಜ್ಜಬಾರದು, ಬಿಸಿ ಮಾಡಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ರೈಫಲ್ ರೆಜಿಮೆಂಟುಗಳ ಗುಂಡಿ ಕಪ್ಪು, ಕೊಂಬಿನದ್ದೋ ಗಟ್ಟಿ ರಬ್ಬರಿನದ್ದೋ ಆಗಿರಬಹುದು. ಗಟ್ಟಿ ರಬ್ಬರ್ ಬಿಸಿನೀರು ತಾಕಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. 1950ರ ದಶಕದಿಂದ ಈಚಿನ ಬ್ರಿಟಿಷ್ ಗುಂಡಿ ತುಂಬಾ ಹಗುರವಾಗಿ, ಎಂದೂ ಮಾಸದ ಹೊಳಪಿನಲ್ಲಿದ್ದರೆ ಅದು ಬಣ್ಣ ಕಟ್ಟಿದ ಅಲ್ಯೂಮಿನಿಯಂ. ಅದರ ಮೇಲ್ಪದರ ಒಮ್ಮೆ ಗೀಚಿದರೆ ಮತ್ತೆ ಪಾಲಿಷ್ ಮಾಡಲು ಬರುವುದಿಲ್ಲ.

ಹೆಚ್ಚಿನ ಹಿತ್ತಾಳೆ ಗುಂಡಿಗಳು ಒಂದೇ ತುಂಡಲ್ಲ ಅನ್ನುವುದನ್ನೂ ನೆನಪಿಡಿ. ಮುಂದೆ ಅಚ್ಚೊತ್ತಿದ ಉಬ್ಬು ತಗಡು, ಹಿಂದೆ ಚಪ್ಪಟೆ ತಗಡು, ಅಂಚನ್ನು ಮಡಚಿ ಎರಡನ್ನೂ ಸೇರಿಸಿರುತ್ತಾರೆ. ನಡುವೆ ಟೊಳ್ಳು. ಈ ಟೊಳ್ಳಿನಿಂದಲೇ ಮುಂದಿನ ಅರ್ಧ ಎಚ್ಚರಿಕೆಗಳು ಹುಟ್ಟುವುದು.

ಸ್ವಚ್ಛ ಮಾಡುವುದು, ಆದಷ್ಟು ಕಡಿಮೆ

ಗುಂಡಿಯನ್ನು ನೀರಿನಲ್ಲಿ ನೆನೆಸಿಡಬೇಡಿ. ಮಡಚಿದ ಅಂಚಿನ ಸಂದಿಯಿಂದ ನೀರು ಒಳಗೆ ಹೋದರೆ ಹೊರಗೆ ಬರುವುದು ಕಷ್ಟ, ಒಳಗಿಂದಲೇ ಕಿಲುಬು ಹಿಡಿಯುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಮೆದು ಸೋಪು ಹಾಕಿ, ಹಳೆಯ ಮೆದು ಟೂತ್‌ಬ್ರಷ್ ಅದ್ದಿ, ಒದರಿ, ಬರೀ ತೇವ ಉಳಿದ ಮೇಲೆ ಮುಂಭಾಗವನ್ನು ಉಜ್ಜಿ. ಗುಂಡಿಯನ್ನು ಮುಖ ಕೆಳಗೆ ಮಾಡಿ ಹಿಡಿದುಕೊಂಡರೆ ನೀರು ಸಂದಿಗೆ ಇಳಿಯುವುದಿಲ್ಲ. ಆಮೇಲೆ ಬರೀ ನೀರಿನ ತೇವದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒತ್ತಿ, ಗಾಳಿಯಾಡುವಲ್ಲಿ ಒಂದು ರಾತ್ರಿ ಬಿಡಿ. ಅಕ್ಷರಗಳ ಸಂದಿಯಲ್ಲಿ ಕೂತ ಹಳೆಯ ಪಾಲಿಷಿನ ಬಿಳಿ ಪುಡಿಯನ್ನು ಮರದ ಹಲ್ಲುಕಡ್ಡಿಯಿಂದ ತೆಗೆಯಿರಿ. ಸೂಜಿ ಬೇಡವೇ ಬೇಡ.

ಹಸಿರು ಕಿಲುಬು ಗಟ್ಟಿಯಾಗಿ ಅಂಟಿದ್ದರೆ ಮಿನರಲ್ ಎಣ್ಣೆಯ ಒಂದು ಹನಿಯನ್ನು ಅದರ ಮೇಲೆ ಮಾತ್ರ ಇಟ್ಟು, ಒಂದು ದಿನ ಬಿಟ್ಟು, ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿ. ತಿಳಿ ಹಸಿರು ಪುಡಿ ಒರೆಸಿದಷ್ಟೂ ಮತ್ತೆ ಮತ್ತೆ ಬರುತ್ತಿದ್ದರೆ ಅದು ಬೇರೆ ರೋಗ, ಲೋಹದೊಳಗೆ ಉಪ್ಪಿನಂಶ ಸೇರಿದೆ ಅಂತ ಅರ್ಥ. ಅಂಥ ಗುಂಡಿಯನ್ನು ಉಳಿದವುಗಳಿಂದ ಬೇರೆಯಾಗಿ ಒಣ ಜಾಗದಲ್ಲಿ ಇಡಿ, ಕಫ್‌ಲಿಂಕ್‌ಗೆ ಬಳಸಬೇಡಿ.

ನಿಂಬೆ, ಹುಣಸೆ, ವಿನೆಗರ್ ಯಾವುದೂ ಬೇಡ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿ ಸತುವನ್ನು ಮೊದಲು ತಿನ್ನುತ್ತದೆ, ತಾಮ್ರ ಉಳಿದು ಗುಂಡಿಯ ಮೇಲೆ ಗುಲಾಬಿ ಕಲೆ ಬೀಳುತ್ತದೆ. ಬರೀ ಹಿತ್ತಾಳೆಯಾಗಿದ್ದು ನಿಮಗೆ ಹೊಳಪು ಬೇಕೇ ಬೇಕು ಅಂದರೆ ಎತ್ತರದ ಭಾಗಗಳನ್ನು ಮಾತ್ರ ಪಾಲಿಷ್ ಬಟ್ಟೆಯಿಂದ ಒರೆಸಿ, ತಗ್ಗಿನ ಕಪ್ಪು ಹಾಗೇ ಇರಲಿ. ಆ ಕಪ್ಪಿನಿಂದಲೇ ಚಿತ್ರ ಎದ್ದು ಕಾಣುವುದು. ಕೊನೆಗೆ ಲೋಹದ ವಸ್ತುಗಳ ರಕ್ಷಣೆಗೆ ಹಚ್ಚುವ ಮೈಕ್ರೋಕ್ರಿಸ್ಟಲಿನ್ ಮೇಣವನ್ನು ಬೆರಳ ತುದಿಯಲ್ಲಿ ಸ್ವಲ್ಪವೇ ಸ್ವಲ್ಪ ಸವರಿ, ಒಣಗಿದ ಮೇಲೆ ಒರೆಸಿಬಿಡಿ. ಅಂಟಿಸುವ ಗುಂಡಿಯಾದರೆ ಹಿಂಭಾಗಕ್ಕೆ ಮೇಣ ತಾಕಿಸಬೇಡಿ.

ಮೊದಲ ವಿಧಾನ: ಸರಪಳಿ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಹೊರಗೆ 16ರಿಂದ 18 ಮಿಲಿಮೀಟರಿನ ಗುಂಡಿ, ಒಳಗೆ ಟೋಪಿಯ ಚಿಕ್ಕ ಗುಂಡಿ, ನಡುವೆ ಪುಟ್ಟ ಸರಪಳಿ. ಏನನ್ನೂ ಕತ್ತರಿಸುವುದಿಲ್ಲ, ಏನನ್ನೂ ಅಂಟಿಸುವುದಿಲ್ಲ. ಇನ್ನೊಂದು ಲಾಭ ಮಾಡಿ ನೋಡಿದಾಗಲೇ ತಿಳಿಯುವುದು: ಕೊಂಡಿ ಕಾಜದ ಒಳಗೆ ಇಳಿದುಬಿಡುತ್ತದೆ, ಹಾಗಾಗಿ ಗುಂಡಿ ಬಟ್ಟೆಗೆ ಒತ್ತಿ ಕೂರುತ್ತದೆ. ಸಮವಸ್ತ್ರದ ಮೇಲೆ ಅದು ಕೂರುತ್ತಿದ್ದದ್ದೂ ಹೀಗೆಯೇ. ಒಗೆಯುವಾಗ ಬಿಚ್ಚಬೇಕಾದ ಬಿಳಿ ಸಮವಸ್ತ್ರಗಳಿಗೆ ಸೈನಿಕರು ಗುಂಡಿಯನ್ನು ಹೊಲಿಯುತ್ತಿರಲಿಲ್ಲ, ಕಾಜದಲ್ಲಿ ತೂರಿಸಿ ಹಿಂದಿನಿಂದ, ಕೀಲಿಕೈಗಳಿಗೆ ಹಾಕುವಂಥ ಸುರುಳಿ ಉಂಗುರ ಹಾಕುತ್ತಿದ್ದರು. ನಾವು ಮಾಡುವುದು ಅದರದ್ದೇ ಮುಂದುವರಿಕೆ.

ಬೇಕಾದದ್ದು ಹಲ್ಲಿಲ್ಲದ ಚಪ್ಪಟೆ ಮೂತಿಯ ಎರಡು ಇಕ್ಕಳ, ಸರಪಳಿ ಜೋಡಿಸಲು 1 ಮಿಲಿಮೀಟರ್ ತಂತಿಯ ಅಂಡಾಕಾರದ ಪುಟ್ಟ ಬಳೆಗಳು, ಗಟ್ಟಿ ದಾರ. ಬಳೆ ಹಿತ್ತಾಳೆಯದ್ದೋ ಬೆಳ್ಳಿಯದ್ದೋ ಇರಲಿ, ಉಕ್ಕಿನದ್ದು ಬೇಡ. ಉಕ್ಕಿನ ಬಳೆ ದಿನಾ ಅಲುಗಾಡಿ ಹಳೆಯ ಹಿತ್ತಾಳೆ ಕೊಂಡಿಯನ್ನು ಗರಗಸದಂತೆ ಕೊಯ್ಯುತ್ತದೆ. ಸವೆಯುವುದಿದ್ದರೆ ಹೊಸ ಬಳೆ ಸವೆಯಲಿ, ಅದನ್ನು ಬದಲಿಸಬಹುದು.

ಮೊದಲು ಕೊಂಡಿ ಗಟ್ಟಿ ಇದೆಯಾ ಅಂತ ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವಾದರೂ ಅಲ್ಲಾಡಿದರೆ ಆ ಗುಂಡಿ ಈ ವಿಧಾನಕ್ಕೆ ಬೇಡ, ಭಾರವೆಲ್ಲ ಕೊಂಡಿಯ ಮೇಲೇ ಬೀಳುತ್ತದೆ. ಬಳೆಯ ತಂತಿ ಕೊಂಡಿಯ ತೂತಿನಲ್ಲಿ ಸಲೀಸಾಗಿ ತಿರುಗಬೇಕು, ಬಿಗಿಯಾಗಿ ತುರುಕಬೇಡಿ.

ಸರಪಳಿ ಎಷ್ಟು ಉದ್ದ ಇರಬೇಕು ಅನ್ನುವುದು ನಿಮ್ಮ ಶರ್ಟಿನ ಮೇಲೆ ಹೋಗುತ್ತದೆ. ಸುಲಭದ ದಾರಿ ಹೇಳುತ್ತೇನೆ. ಮೊದಲು ದೊಡ್ಡ ಗುಂಡಿಯನ್ನೂ ಚಿಕ್ಕ ಗುಂಡಿಯನ್ನೂ ದಾರದಿಂದ ಕಟ್ಟಿ, ಎರಡು ಕೊಂಡಿಗಳ ನಡುವೆ ಸುಮಾರು 11 ಮಿಲಿಮೀಟರ್ ದಾರ ಇರುವ ಹಾಗೆ. ಮಡಚಿದ ಕಫ್‌ನ ನಾಲ್ಕೂ ಪದರಗಳ ಕಾಜಗಳನ್ನು ಸಮ ಮಾಡಿ, ಚಿಕ್ಕ ಗುಂಡಿಯನ್ನು ಅಡ್ಡ ತಿರುಗಿಸಿ ತೂರಿಸಿ. ತೂರಲು ಒದ್ದಾಡಬೇಕಾದರೆ ದಾರ ಗಿಡ್ಡ. ತೂರಿದ ಮೇಲೆ ಗುಂಡಿ ಜೋತುಬಿದ್ದರೆ ಉದ್ದ. ದಾರ ಕಟ್ಟಿದ ಹಾಗೇ ಒಂದು ಸಂಜೆ ತೊಟ್ಟುಕೊಂಡಿರಿ, ಬರೆಯಿರಿ, ಕೈ ಆಡಿಸಿ. ಸರಿಹೋದ ಮೇಲೆ ಆ ದಾರವನ್ನು ಅಳೆದು ಅಷ್ಟೇ ಉದ್ದಕ್ಕೆ ಬಳೆಗಳನ್ನು ಜೋಡಿಸಿ. ಚಿಕ್ಕ ಗುಂಡಿ ಕಾಜದಲ್ಲಿ ಹಾಯದಿದ್ದರೆ ಕಾಜವನ್ನು ಹಿಗ್ಗಿಸಬೇಡಿ, ಇನ್ನೂ ಚಿಕ್ಕದನ್ನು ಹುಡುಕಿ.

ಬಳೆ ತೆರೆಯುವಾಗ ಎರಡು ತುದಿಗಳನ್ನು ಹಿಗ್ಗಿಸಿ ಎಳೆಯಬಾರದು. ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಚಿ. ಮುಚ್ಚುವಾಗಲೂ ಹಾಗೇ, ಸ್ವಲ್ಪ ಆಚೀಚೆ ಆಡಿಸುತ್ತಾ ತಂದರೆ ತುದಿಗಳು ಒಂದಕ್ಕೊಂದು ಒತ್ತಿ ಚಿಟಕ್ ಅಂತ ಕೂರುತ್ತವೆ. ನಡುವಿನ ಬಳೆಗಳಿಗೆ ಬೆಸುಗೆ ಹಾಕುವುದಾದರೆ ಗುಂಡಿಗೆ ಜೋಡಿಸುವ ಮುಂಚೆಯೇ ಹಾಕಿ. ಗುಂಡಿಗೆ ತಾಗುವ ಬಳೆಗೆ ಬೆಸುಗೆ ಬೇಡ, ಬಿಗಿಯಾಗಿ ಮುಚ್ಚಿದರೆ ಸಾಕು. ಭಯ ಇದ್ದರೆ ಆ ಜಾಗದಲ್ಲಿ 6 ಮಿಲಿಮೀಟರಿನ ಹಿತ್ತಾಳೆಯ ಸುರುಳಿ ಉಂಗುರ ಹಾಕಿ. ಇಕ್ಕಳ ಜಾರಿ ಗುಂಡಿಯ ಬೆನ್ನನ್ನು ಗೀಚದಂತೆ ನಡುವೆ ಚರ್ಮದ ತುಂಡು ಇರಲಿ.

ಎರಡನೇ ವಿಧಾನ: ಕೊಳವೆ ಮತ್ತು ಕೀಲು

ಹಿಂದೆ ತಿರುಗುವ ಅಡ್ಡಪಟ್ಟಿ ಇರುವ ಸಾಮಾನ್ಯ ಕಫ್‌ಲಿಂಕೇ ಬೇಕು ಅನ್ನುವವರಿಗೆ ಇದು. ಕೊಂಡಿಯನ್ನು ಒಂದು ಪುಟ್ಟ ಹಿತ್ತಾಳೆ ಕೊಳವೆಯೊಳಗೆ ಇಳಿಸಿ, ಅಡ್ಡಲಾಗಿ ಕೀಲು ತೂರಿಸಿ ಹಿಡಿದಿಡುತ್ತೇವೆ. ಸ್ವಲ್ಪ ಕೈಕೆಲಸ ಬೇಕು, ಆದರೆ ಕೀಲು ತೆಗೆದರೆ ಗುಂಡಿ ಇದ್ದ ಹಾಗೇ ವಾಪಸ್ ಸಿಗುತ್ತದೆ.

ಕೊಂಡಿಯ ಎತ್ತರ ಮತ್ತು ಅಗಲವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ. ಎತ್ತರ 5 ಮಿಲಿಮೀಟರ್ ಇದೆ ಅಂದುಕೊಳ್ಳಿ. ಕೊಂಡಿ ಒಳಗೆ ಹಿಡಿಯುವಷ್ಟು ಅಗಲದ, 17 ಮಿಲಿಮೀಟರಿನ ಗುಂಡಿಗಾದರೆ ಹೊರ ಅಳತೆ 10 ಮಿಲಿಮೀಟರ್ ಇರುವ ಕೊಳವೆಯಿಂದ ಐದೂವರೆ ಮಿಲಿಮೀಟರ್ ಉದ್ದದ ತುಂಡು ಕತ್ತರಿಸಿ. ಎರಡೂ ತುದಿ ಸಮತಟ್ಟಾಗಿರಬೇಕು. ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹರಡಿ ಅದರ ಮೇಲೆ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ಎಂಟರ ಆಕಾರದಲ್ಲಿ ಉಜ್ಜಿದರೆ ಸಮ ಬರುತ್ತದೆ. ಈಗ ಆ ಕೊಳವೆಯನ್ನು ಕಫ್‌ಲಿಂಕ್ ಹಿಂಭಾಗದ ತಟ್ಟೆಗೆ ಬೆಸುಗೆ ಹಾಕಿ. ಗುಂಡಿ ಇನ್ನೂ ದೂರ ಇರುವುದರಿಂದ ಬಿಸಿಯ ಚಿಂತೆ ಇಲ್ಲ. ತಣ್ಣಗಾದ ಮೇಲೆ ಬೆಸುಗೆ ಹಿಡಿಯಲೆಂದು ಹಚ್ಚಿದ ಫ್ಲಕ್ಸ್ ಪೂರ್ತಿ ತೊಳೆದು ಒಣಗಿಸಿ, ಅದು ಉಳಿದರೆ ಮುಂದೆ ಗುಂಡಿಯನ್ನು ತಿನ್ನುತ್ತದೆ.

ಇನ್ನು ತೂತು. ಗುಂಡಿಯ ಬೆನ್ನಿನಿಂದ ಕೊಂಡಿಯ ಕಣ್ಣಿನ ನಡುಮಧ್ಯಕ್ಕೆ ಎಷ್ಟು ದೂರ ಅಂತ ಅಳೆದು, ಕೊಳವೆಯ ಮೇಲಂಚಿನಿಂದ ಅಷ್ಟೇ ಕೆಳಗೆ ಗುರುತು ಮಾಡಿ. ಎದುರು ಬದುರು 1.1 ಮಿಲಿಮೀಟರಿನ ಎರಡು ತೂತು ಕೊರೆಯಿರಿ. ಕೊರೆಯುವ ಮುಂಚೆ ಒಂದು ಕೆಲಸ ಮರೆಯಬೇಡಿ: ಚಿತ್ರ ನೆಟ್ಟಗೆ ಕಾಣಬೇಕಾದರೆ ಕೊಂಡಿ ಯಾವ ದಿಕ್ಕಿಗೆ ನಿಲ್ಲುತ್ತದೆ, ಆಗ ಹಿಂದಿನ ಅಡ್ಡಪಟ್ಟಿ ಯಾವ ಕಡೆಗೆ ತಿರುಗುತ್ತದೆ ಅಂತ ಶರ್ಟಿಗೆ ಹಾಕಿ ನೋಡಿ ಪೆನ್ಸಿಲ್ ಗುರುತು ಮಾಡಿ. ಎಲ್ಲ ಗುಂಡಿಗಳಲ್ಲೂ ಕೊಂಡಿ ಚಿತ್ರಕ್ಕೆ ಒಂದೇ ದಿಕ್ಕಿನಲ್ಲಿ ಇರುವುದಿಲ್ಲ, ಜೋಡಿಯ ಎರಡು ಗುಂಡಿಗಳಲ್ಲೇ ವ್ಯತ್ಯಾಸ ಇರಬಹುದು. ಹಾಗಾಗಿ ಎರಡಕ್ಕೂ ಬೇರೆ ಬೇರೆ ಗುರುತು ಬೇಕು.

ಗುಂಡಿಯನ್ನು ಕೂರಿಸಿ, 1 ಮಿಲಿಮೀಟರ್ ಹಿತ್ತಾಳೆ ತಂತಿಯನ್ನು ಒಂದು ತೂತಿನಿಂದ ಕೊಂಡಿಯ ಕಣ್ಣಿನ ಮೂಲಕ ಇನ್ನೊಂದು ತೂತಿಗೆ ತೂರಿಸಿ. ಗುಂಡಿ ಗಲಗಲ ಅಲ್ಲಾಡಿದರೆ ಕೊಳವೆಯ ಬಾಯಿಗೆ ತೆಳುವಾದ ಚರ್ಮದ ಉಂಗುರ ಕತ್ತರಿಸಿ ಇಡಿ, ಅಲುಗಾಟವೂ ನಿಲ್ಲುತ್ತದೆ, ಬೆನ್ನಿನ ಅಕ್ಷರಗಳಿಗೆ ಲೋಹವೂ ತಾಕುವುದಿಲ್ಲ. ತಂತಿಯ ಎರಡೂ ತುದಿಗಳನ್ನು ಅರ್ಧ ಮಿಲಿಮೀಟರ್ ಹೊರಗೆ ಬಿಟ್ಟು ಕತ್ತರಿಸಿ, ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಗಲ ಮಾಡಿ. ಬಲವಾಗಿ ಹೊಡೆದರೆ ಕೊಳವೆ ಚಪ್ಪಟೆಯಾಗುತ್ತದೆ.

ಈ ವಿಧಾನದ ಒಂದು ಕೊರತೆಯನ್ನು ಹೇಳಲೇಬೇಕು. ಗುಂಡಿ ಬಟ್ಟೆಯಿಂದ ಐದಾರು ಮಿಲಿಮೀಟರ್ ಎದ್ದು ನಿಲ್ಲುತ್ತದೆ. ಬಿಗಿ ತೋಳಿನ ಕೋಟು ಹಾಕಿದರೆ ಸಿಕ್ಕಿಕೊಳ್ಳಬಹುದು. ಗಿಡ್ಡ ಕೊಂಡಿಯ ಗುಂಡಿ ಸಿಕ್ಕರೆ ಅದನ್ನೇ ಇದಕ್ಕೆ ಎತ್ತಿಡಿ.

ಕೊಂಡಿ ಮುರಿದ ಗುಂಡಿಗೆ: ಅಂಟು

ಕೊಂಡಿ ಮುರಿದು ಬುಡ ಮಾತ್ರ ಉಳಿದಿರುವ ಗುಂಡಿಗಳು ಅಗ್ಗಕ್ಕೆ ಸಿಗುತ್ತವೆ, ಸಂಗ್ರಹಕಾರರಿಗೆ ಅವು ಬೇಡ. ಅಂಥವಕ್ಕೆ ಇದು ಒಳ್ಳೆಯ ಬದುಕು. ಉಳಿದ ಬುಡವನ್ನು ಇಕ್ಕಳದಲ್ಲಿ ಹಿಡಿದು ತಿರುಚಬೇಡಿ, ಹಿಂದಿನ ತಗಡು ಹರಿದು ತೂತಾಗುತ್ತದೆ. ಅಂಚಿಗೆ ಸಮವಾಗಿ ಕತ್ತರಿಸುವ ಕಟರಿನಲ್ಲಿ ಕತ್ತರಿಸಿ, ಸಣ್ಣ ಅರದಿಂದ ಬುಡವನ್ನು ಮಾತ್ರ ಇಳಿಸಿ. ಸುತ್ತಲಿನ ಅಕ್ಷರಗಳಿಗೆ ಟೇಪ್ ಅಂಟಿಸಿಟ್ಟರೆ ಅರ ಜಾರಿದರೂ ಅವು ಉಳಿಯುತ್ತವೆ. ತಟ್ಟೆ ಕೂರುವಷ್ಟು ಜಾಗವನ್ನು 220 ನಂಬರಿನ ಸ್ಯಾಂಡ್‌ಪೇಪರಿನಿಂದ ಒರಟು ಮಾಡಿ, ಕಫ್‌ಲಿಂಕಿನ ತಟ್ಟೆಯನ್ನೂ ಹಾಗೇ. ತವರದ ಗುಂಡಿಯಾದರೆ ಈ ಕೆಲಸವನ್ನೇ ಬಿಡಿ, ಸೀಸದ ಪುಡಿ ಏಳುತ್ತದೆ. ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಮೇಲೆ ಬೆರಳು ತಾಕಿಸಬೇಡಿ, ಚರ್ಮದ ಎಣ್ಣೆ ಸಾಕು ಅಂಟು ಬಿಡಲು.

ಅಂಟು ಎರಡು ಭಾಗದ ಎಪಾಕ್ಸಿಯೇ ಆಗಬೇಕು, ಅದರಲ್ಲೂ ನಿಧಾನಕ್ಕೆ ಗಟ್ಟಿಯಾಗುವುದು. ಐದು ನಿಮಿಷದ್ದು ಅಷ್ಟು ಬಲ ಕೊಡುವುದಿಲ್ಲ. ಸೂಪರ್ ಗ್ಲೂ ಬೇಡ. ಅದು ಪೆಡಸು, ಮೇಜಿಗೆ ಒಮ್ಮೆ ತಾಗಿದರೆ ಬಿಟ್ಟುಕೊಳ್ಳುತ್ತದೆ, ಜೊತೆಗೆ ಅದರ ಆವಿ ಲೋಹದ ಮೇಲೆ ಬಿಳಿ ಮಬ್ಬು ಕೂರಿಸುತ್ತದೆ. ತಟ್ಟೆ ಆದಷ್ಟು ಅಗಲ ಇರಲಿ, 10 ಮಿಲಿಮೀಟರಿಗಿಂತ ಕಡಿಮೆ ಬೇಡ. ಗುಂಡಿಯ ಮುಖವನ್ನು ಮಕ್ಕಳು ಆಡುವ ಮೆದು ಜೇಡಿಯಲ್ಲಿ ಒತ್ತಿ, ಬೆನ್ನು ಸಮತಟ್ಟಾಗಿ ಮೇಲೆ ಬರುವ ಹಾಗೆ ಕೂರಿಸಿ. ನಡುವೆ ಪ್ಲಾಸ್ಟಿಕ್ ಹಾಳೆ ಇದ್ದರೆ ಜೇಡಿ ಚಿತ್ರದ ಸಂದಿಗೆ ಹೋಗುವುದಿಲ್ಲ. ತಟ್ಟೆಯನ್ನು ಇಟ್ಟು, ಹೊರಗೆ ಉಕ್ಕಿದ ಅಂಟನ್ನು ತಕ್ಷಣ ಒರೆಸಿ, ಮುಟ್ಟದೆ 24 ಗಂಟೆ ಬಿಡಿ. ಅಲ್ಯೂಮಿನಿಯಂ ಗುಂಡಿಯ ಕೊಂಡಿ ಮುರಿದಿದ್ದರೂ ಇದೇ ದಾರಿ.

ನೇರವಾಗಿ ಗುಂಡಿಗೇ ಬೆಸುಗೆ ಹಾಕಿದರೆ ಗಟ್ಟಿ ಅಲ್ವಾ ಅಂತ ಕೇಳುವವರಿದ್ದಾರೆ. ಗಟ್ಟಿಯೇನೋ ಹೌದು. ಆದರೆ ತವರ ಮತ್ತು ಬೆಳ್ಳಿಯ ಮೆದು ಬೆಸುಗೆ ಕರಗಲೂ 221 ಡಿಗ್ರಿ ಸೆಲ್ಸಿಯಸ್ ಬೇಕು. ಆ ಬಿಸಿಗೆ ತವರದ ಗುಂಡಿಯೇ ಕರಗಿಬಿಡಬಹುದು, ಎರಡು ತಗಡಿನ ಗುಂಡಿಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗಿ ಅಂಚು ಬಿಟ್ಟುಕೊಳ್ಳಬಹುದು, ಗಿಲೀಟು ಮಂಕಾಗುತ್ತದೆ. ಬೆಳ್ಳಿ ಬೆಸುಗೆಗೆ 600 ಡಿಗ್ರಿಗೂ ಜಾಸ್ತಿ ಬೇಕು, ಅದಂತೂ ಯೋಚಿಸಲೇಬೇಡಿ.

ತೊಟ್ಟ ಮೇಲೆ

ಸೆಂಟು ಹೊಡೆದುಕೊಂಡ ಮೇಲೆ, ಕೈ ಒಣಗಿದ ಮೇಲೆ ಕಫ್‌ಲಿಂಕ್ ಹಾಕಿ. ಬಿಚ್ಚಿದಾಗ ಒಣ ಬಟ್ಟೆಯಿಂದ ಬೆವರು ಒರೆಸಿ. ಸರಪಳಿಯ ಬಳೆಗಳ ಬಾಯಿ ತೆರೆದಿದೆಯಾ ಅಂತ ಆಗಾಗ ಬೆಳಕಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಸಂದಿ ಕಂಡರೂ ಮತ್ತೆ ಒತ್ತಿ ಮುಚ್ಚಿ. ಮೇಣದ ಪದರ ಮಾಸಿದಂತೆ ಕಂಡಾಗ ಹೊಸದಾಗಿ ಸವರಿ. ಮೆದು ಪಿವಿಸಿ ಚೀಲದಲ್ಲಿ ಇಡಬೇಡಿ, ಅದು ಬಿಡುವ ಆಮ್ಲಕ್ಕೆ ಹಿತ್ತಾಳೆ ಹಸಿರಾಗುತ್ತದೆ. ಬೆಳ್ಳಿ ಲೇಪದ ಗುಂಡಿಯನ್ನು ರಬ್ಬರ್ ಬ್ಯಾಂಡಿನ ಹತ್ತಿರ ಇಟ್ಟರೆ ಕಪ್ಪಾಗುತ್ತದೆ. ಹತ್ತಿ ಬಟ್ಟೆ ಅಥವಾ ಆಮ್ಲ ಇಲ್ಲದ ಕಾಗದ ಸಾಕು.

ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇರಲಿ. ಯಾವ ದಳದ ಗುಂಡಿ, ಬೆನ್ನಿನ ಮೇಲೆ ಏನು ಬರೆದಿದೆ, ಯಾರ ಕೋಟಿನದ್ದು ಅಥವಾ ಎಲ್ಲಿ ಸಿಕ್ಕಿತು, ಕಫ್‌ಲಿಂಕ್ ಮಾಡಿದ್ದು ಯಾವ ವರ್ಷ, ಯಾವ ವಿಧಾನದಲ್ಲಿ ಅಂತ ಪೆನ್ಸಿಲಿನಲ್ಲಿ ಬರೆದಿಡಿ. ಕೊಳವೆ ವಿಧಾನದಲ್ಲಿ ಮಾಡಿದ್ದಾದರೆ ಕೀಲು ಯಾವ ಕಡೆಯಿಂದ ಹೊರಗೆ ತಳ್ಳಬೇಕು ಅನ್ನುವುದನ್ನೂ ಚಿಕ್ಕ ಚಿತ್ರದಲ್ಲಿ ತೋರಿಸಿ, ಅಂಟಿಸಿದ್ದಾದರೆ ಬಳಸಿದ ಎಪಾಕ್ಸಿ ಯಾವುದು ಅಂತ ಬರೆದು, ತೆಗೆದ ಕೊಂಡಿಯ ಚೂರನ್ನು ಅದೇ ಕಾಗದದಲ್ಲಿ ಮಡಚಿಡಿ.